ಕ್ವಾಂಟಮ್ ಫೀಲ್ಡ್ ಥಿಯರಿ ನಮ್ಮ ಮಕ್ಕಳಿಗ್ಯಾಕೆ ಅನ್ನೋರಿಗೆ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಎಂಎಸ್ಸಿ ಫಿಸಿಕ್ಸ್ ಓದೋ ನಮ್ಮ ಮಕ್ಕಳಿಗೆ ಭಾನುವಾರದ ಪಾಠ ಶುರು ಮಾಡೋಣ, ಅದ್ರಲ್ಲಿ ಕ್ವಾಂಟಮ್ ಫೀಲ್ಡ್ ಥಿಯರಿವರೆಗೂ ಹೋಗೋಣ ಅಂದಾಗಿನಿಂದ ನಮ್ಮವರೇ ಕೆಲವರು ನಗ್ತಿದಾರೆ. "ಕಂಬಾಲಪಲ್ಲಿಗೇ ನ್ಯಾಯ ಸಿಗಲಿಲ್ಲ, ಊರೂರಲ್ಲಿ ಸ್ಮಶಾನಕ್ಕೆ ಜಾಗ ಇಲ್ಲ, ನಿಮಗೆ ಕ್ವಾಂಟಮ್ ಬೇಕಾ?" ಅಂತ. ಕೇಳೋರು ಶತ್ರುಗಳಲ್ಲ, ಜೊತೆಗೇ ಧರಣಿ ಕೂತೋರು. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು, 2006ರಲ್ಲಿ ಆರೋಪಿಗಳು ಖುಲಾಸೆ ಆದ್ರು. ಇದನ್ನ ಮರೆತು ಫಿಸಿಕ್ಸ್ ಓದೋಣ ಅಂತ ನಾನು ಹೇಳ್ತಿಲ್ಲ. ಆದರೆ ಅದು ಮುಗಿದ ಮೇಲೆ ಇದು ಅನ್ನೋ ಲೆಕ್ಕದಲ್ಲಿ ಕೂತರೆ ನಮ್ಮ ಸರದಿ ಯಾವತ್ತೂ ಬರಲ್ಲ.

ಮೊದಲು ವಿಷಯ ಏನು ಅಂತ ಎರಡು ಮಾತು. ನಾನು ಓದಿದ್ದು ಬಿಎ. ಶಿಡ್ಲಘಟ್ಟ ಕಡೆಯ ಒಂದು ಹುಡುಗಿ, ರೇಷ್ಮೆ ನೂಲು ಬಿಚ್ಚಾಣಿಕೆ ಮಾಡೋರ ಮನೆಯ ಮಗಳು, ನನಗೆ ಹೇಳಿಕೊಟ್ಟಷ್ಟನ್ನ ನಿಮಗೆ ಹೇಳ್ತೀನಿ. ಗೌರಿಬಿದನೂರಿನ ಹತ್ತಿರ ಬಯಲಲ್ಲಿ ಸಾಲು ಸಾಲು ಆಂಟೆನಾ ನಿಲ್ಲಿಸಿದಾರಲ್ಲ, ಆ ರೇಡಿಯೋ ವೀಕ್ಷಣಾಲಯ, ಅಲ್ಲಿಂದ ಶುರು ಮಾಡಿ. ಆ ತಂತಿಗಳು ಹಿಡಿಯೋದು ಸೂರ್ಯ, ನಕ್ಷತ್ರಗಳ ಕಡೆಯಿಂದ ಬರೋ ರೇಡಿಯೋ ಅಲೆ. ಕೆರೆ ನೀರಲ್ಲಿ ಅಲೆ ಏಳೋ ಹಾಗೆ, ಎಲ್ಲ ಕಡೆ ಹರಡಿರೋ ವಿದ್ಯುತ್ಕಾಂತ ಕ್ಷೇತ್ರದಲ್ಲಿ ಏಳೋ ಅಲೆ ಅದು. ಈ ಅಲೆಯನ್ನ ಎಷ್ಟು ಬೇಕೋ ಅಷ್ಟು ಸಣ್ಣದು ಮಾಡಕ್ಕಾಗಲ್ಲ. ಒಂದು ಕನಿಷ್ಠ ಪೊಟ್ಟಣ ಇದೆ, ಅದೇ ಫೋಟಾನ್. ಬೆಳಕಿಗೆ ಮಾತ್ರ ಅಲ್ಲ, ಎಲೆಕ್ಟ್ರಾನ್‌ಗೂ ಹಿಂಗೇ ಒಂದು ಕ್ಷೇತ್ರ ಇದೆ, ಎಲೆಕ್ಟ್ರಾನ್ ಅನ್ನೋದೇ ಆ ಕ್ಷೇತ್ರದ ಒಂದು ಅಲುಗಾಟ ಅನ್ನೋದು ಈ ಥಿಯರಿ. ಜಗತ್ತಿನ ಎಲ್ಲ ಎಲೆಕ್ಟ್ರಾನ್‌ಗಳೂ ಅಚ್ಚೊತ್ತಿದ ಹಾಗೆ ಒಂದೇ ಥರ ಯಾಕಿವೆ ಅಂದ್ರೆ ಎಲ್ಲವೂ ಒಂದೇ ಕ್ಷೇತ್ರದವು. (ಎಲೆಕ್ಟ್ರಾನ್‌ಗೆ ಜಾತಿ ಇಲ್ಲ ಅಂತ ಈಗ ಯಾರಾದ್ರೂ ಕಾಮೆಂಟ್ ಹಾಕ್ತಾರೆ, ಗೊತ್ತು. ಜಾತಿ ತಪ್ಪು ಅನ್ನೋಕೆ ಎಲೆಕ್ಟ್ರಾನಿನ ಸಾಕ್ಷಿ ಬೇಕಿಲ್ಲ. ಪ್ರವಚನದವರು ಕ್ವಾಂಟಮ್ ಎಲ್ಲ ವೇದದಲ್ಲೇ ಇದೆ ಅಂತಾರಲ್ಲ, ಆ ಕೆಲಸ ನಾವೂ ಮಾಡೋದು ಬೇಡ.)

ಇದು ಬರೀ ಮಾತಲ್ಲ. ಎಲೆಕ್ಟ್ರಾನಿನ ಕಾಂತೀಯ ಬಲ ಹಳೇ ಲೆಕ್ಕಕ್ಕಿಂತ ಸುಮಾರು 0.00116 ಭಾಗ ಹೆಚ್ಚು ಇರಬೇಕು ಅಂತ 1948ರಲ್ಲಿ ಶ್ವಿಂಗರ್ ಈ ಥಿಯರಿಯಿಂದ ಲೆಕ್ಕ ಹಾಕಿ ತೋರಿಸಿದ್ರು, ಪ್ರಯೋಗದಲ್ಲೂ ಅಷ್ಟೇ ಬಂತು. ಆಮೇಲೆ ಲೆಕ್ಕ, ಅಳತೆ ಎರಡೂ ಬೆಳೆದು ಈಗ ಹತ್ತು ಅಂಕಿ ದಾಟಿ ತಾಳೆ ಆಗ್ತವೆ. ನಮ್ಮ ಆಫೀಸಿನ ಯಾವ ರಿಜಿಸ್ಟರೂ ಎರಡು ಅಂಕಿ ತಾಳೆ ಆಗಲ್ಲ, ಅದು ಬೇರೆ ಮಾತು.

ಇನ್ನು ಇದಕ್ಕೂ ನಮಗೂ ಏನು ಸಂಬಂಧ ಅನ್ನೋದು. 2007ರವರೆಗೆ ನಾವು ಕೋಲಾರ ಜಿಲ್ಲೆಯವರೇ. ಅದೇ ಕೋಲಾರದ ಕೆಜಿಎಫ್ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಮುಂಬೈಯ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಹ್ಯಾಮ್ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಪತ್ತೆ ಮಾಡಿದ್ರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡಕ್ಕೂ ಸಿಕ್ತು. ಗಣಿಯೇ ಯಾಕೆ ಅಂದ್ರೆ, ಆಕಾಶದಿಂದ ಸುರಿಯೋ ಬೇರೆ ಕಣಗಳನ್ನೆಲ್ಲ ಬಂಡೆ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತೆ. 1980ರ ದಶಕದಲ್ಲಿ ಅಲ್ಲೇ ಪ್ರೋಟಾನ್ ಒಡೆಯುತ್ತಾ ಅಂತ ನೋಡೋ ಪ್ರಯೋಗ ನಡೀತು. ಒಡೆಯಬಹುದು ಅಂತ ಹೇಳಿದ್ದು ಕ್ವಾಂಟಮ್ ಫೀಲ್ಡ್ ಥಿಯರಿ ಮೇಲೆ ಕಟ್ಟಿದ ಸಿದ್ಧಾಂತಗಳೇ.

ಆ ಆಳದವರೆಗೂ ಬಂಡೆ ಕೊರೆದವರು ಯಾರು? ಕೆಜಿಎಫ್‌ನ ನೆಲದಡಿಯ ಕೂಲಿಗಳಲ್ಲಿ ಹೆಚ್ಚಿನವರು ದಲಿತರು, ತಮಿಳುನಾಡಿನ ಆರ್ಕಾಟ್ ಕಡೆಯಿಂದ ಬಂದ ಆದಿದ್ರಾವಿಡರು. ಸಿಲಿಕೋಸಿಸ್ ಬಂದು ಎದೆ ಹಿಡ್ಕೊಂಡು ಸತ್ತೋರು. ದಕ್ಷಿಣ ಆಫ್ರಿಕಾದಲ್ಲಿ ಕೊರೆದವರು ವರ್ಣಭೇದದ ಕಾಲದ ಕಪ್ಪು ಕಾರ್ಮಿಕರು. ನಾನು ಇದನ್ನ ಎಲ್ಲ ಸಭೆಯಲ್ಲೂ ಹೇಳ್ತೀನಿ: ಒಂದೇ ವರ್ಷ, ಎರಡು ಖಂಡ, ಎರಡೂ ಕಡೆ ಗುಂಡಿ ತೋಡಿದವರು ಒಂದೇ ಥರದ ಜನ. 2001ರಲ್ಲಿ ಗಣಿ ಮುಚ್ಚಿತು. ಗಣಿ ಕೂಲಿಯ ಮೊಮ್ಮಕ್ಕಳು ಈಗ ಬೆಳಗಿನ ಜಾವ ಸ್ವರ್ಣ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ತಾತ ಇಳಿದ ಗುಂಡಿಯಲ್ಲಿ ಏನು ಸಿಕ್ತು ಅಂತ ಆ ಮಕ್ಕಳಿಗೆ ಯಾವ ತರಗತಿಯಲ್ಲಿ ಹೇಳಿಕೊಡ್ತಿದೀವಿ?

ಈಗ ಕಾನೂನಿಗೆ ಬರೋಣ, ಯಾಕಂದ್ರೆ ನನ್ನ ಸಿಟ್ಟು ಇರೋದು ಅಲ್ಲಿ. ಕೇಂದ್ರ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಮೀಸಲಾತಿಗೆ 2006ರ ಕಾಯ್ದೆ ಇದೆ, ಬೋಧಕರ ನೇಮಕಾತಿಗೆ 2019ರ ಕಾಯ್ದೆ ಇದೆ. ಎರಡರಲ್ಲೂ 4ನೇ ಕಲಂ ತೆಗೆದು ನೋಡಿ. "ಉತ್ಕೃಷ್ಟ ಸಂಸ್ಥೆ, ಸಂಶೋಧನಾ ಸಂಸ್ಥೆ" ಅಂತ ಕೆಲವನ್ನ ಹೊರಗಿಟ್ಟು, ಹಿಂದೆ ಒಂದು ಅನುಸೂಚಿ ಅಂಟಿಸಿದಾರೆ. ಅದರಲ್ಲಿರೋ ಹೆಸರು: ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಮತ್ತು ಅದರ ಅಂಗಸಂಸ್ಥೆಗಳು, ಅಂದ್ರೆ ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ, ಅಲಹಾಬಾದಿನ ಹರೀಶ್‌ಚಂದ್ರ ಸಂಸ್ಥೆ, ಭುವನೇಶ್ವರದ ಫಿಸಿಕ್ಸ್ ಸಂಸ್ಥೆ ಇವೆಲ್ಲ. ಆಮೇಲೆ ಟಿಐಎಫ್‌ಆರ್. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ. ಅಹಮದಾಬಾದಿನ ಪಿಆರ್‌ಎಲ್. ಈ ದೇಶದಲ್ಲಿ ಕ್ವಾಂಟಮ್ ಫೀಲ್ಡ್ ಥಿಯರಿಯನ್ನ ಗಟ್ಟಿಯಾಗಿ ಕಲಿಸೋ, ಅದರ ಮೇಲೆ ಸಂಶೋಧನೆ ಮಾಡೋ ಜಾಗಗಳ ಪಟ್ಟಿ ಬರೀರಿ ಅಂದ್ರೆ ಅರ್ಧ ಹೆಸರು ಇದೇ ಅನುಸೂಚಿಯಿಂದ ಬರ್ತವೆ! ಕೆಜಿಎಫ್ ಪ್ರಯೋಗ ಮಾಡಿದ ಸಂಸ್ಥೆಯೂ ಅದರಲ್ಲೇ ಇದೆ. ಹೆಸರಘಟ್ಟ ಕಡೆ ಇರೋ ಐಸಿಟಿಎಸ್ ಕೂಡ ಟಿಐಎಫ್‌ಆರ್‌ನದೇ ಕೇಂದ್ರ. ಚಿಕ್ಕಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಹೋಗೋ ಬಸ್ಸು ದಿನಾ ಜಕ್ಕೂರು ದಾಟಿಯೇ ಹೋಗುತ್ತೆ.

ಐಐಎಸ್‌ಸಿ ಆ ಪಟ್ಟಿಯಲ್ಲಿಲ್ಲ, ಅದನ್ನೂ ಹೇಳಬೇಕು. ಇನ್ನೊಂದೂ ಹೇಳಬೇಕು: ಐಸಿಟಿಎಸ್‌ನವರು ತಮ್ಮ ಉಪನ್ಯಾಸಗಳನ್ನ ಯೂಟ್ಯೂಬಿಗೆ ಹಾಕ್ತಾರೆ, ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಿವೆ, ಕೇಂಬ್ರಿಡ್ಜಿನ ಡೇವಿಡ್ ಟಾಂಗ್ ಅವರ ನೋಟ್ಸ್ ಬಿಟ್ಟಿ ಸಿಗುತ್ತೆ. ಆ ಹುಡುಗಿ ಕಲಿತಿರೋದು ಇವುಗಳಿಂದಲೇ, ಅಪ್ಪನ ಫೋನಲ್ಲಿ. ಜ್ಞಾನಕ್ಕೆ ಬೀಗ ಇಲ್ಲ, ಸೀಟಿಗೆ ಇದೆ.

ಅವಳು ಒಂದು ಕಡೆ ಇಂಟರ್‌ವ್ಯೂಗೆ ಹೋದಳು. ಎಲ್ಲಿ ಅಂತ ಬೇಡ. ಲೆಕ್ಕ ಕೇಳೋಕೆ ಮುಂಚೆ ಅಪ್ಪ ಏನು ಮಾಡ್ತಾರೆ ಅಂತ ಕೇಳಿದ್ರಂತೆ. ಆಮೇಲೆ "ಥಿಯರಿ ಕಷ್ಟ ಆಗುತ್ತಮ್ಮ, ಬಿಎಡ್ ಮಾಡಬಹುದಲ್ಲ" ಅಂದ್ರಂತೆ. ಬಿಎಡ್ ಒಳ್ಳೇದೇ. ಆದರೆ ಅಲ್ಲಿ ಕೂತಿದ್ದ ಬೇರೆ ಯಾರಿಗೂ ಆ ಸಲಹೆ ಸಿಗಲಿಲ್ಲವಂತೆ.

ಒಳಗೆ ಹೋದವರ ಕಥೆಯೂ ನೆನಪಿರಲಿ. ಸೆಂಥಿಲ್ ಕುಮಾರ್, ಸೇಲಂ ಕಡೆಯ, ಹಂದಿ ಸಾಕೋ ಪನ್ನಿಯಾಂಡಿ ಸಮುದಾಯದ ಹುಡುಗ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪಿಎಚ್‌ಡಿಗೆ ಸೇರಿದ್ದ. ಮಾರ್ಗದರ್ಶಕರು ಸಿಗಲಿಲ್ಲ, ಕೋರ್ಸ್‌ವರ್ಕ್ ಪೇಪರ್ ಉಳೀತು, ಫೆಲೋಶಿಪ್ ತೂಗಾಡ್ತು. 2008ರಲ್ಲಿ ಅವನನ್ನ ಕಳ್ಕೊಂಡ್ವಿ. ಅದೇ ಕ್ಯಾಂಪಸ್ಸಿನಲ್ಲಿ 2016ರಲ್ಲಿ ರೋಹಿತ್ ವೇಮುಲ, ಕಾರ್ಲ್ ಸಗಾನ್ ಥರ ವಿಜ್ಞಾನ ಬರೀಬೇಕು ಅಂದ್ಕೊಂಡಿದ್ದ ಹುಡುಗ. ರೋಹಿತ್ ಹೆಸರು ನಮಗೆಲ್ಲ ಗೊತ್ತು, ಸೆಂಥಿಲ್ ಹೆಸರು ಎಷ್ಟು ಜನಕ್ಕೆ ಗೊತ್ತು? ಅದಕ್ಕೇ ನಾನು ಮಕ್ಕಳಿಗೆ "ಹೋಗಿ ಓದಿ, ಎಲ್ಲ ಸರಿಹೋಗುತ್ತೆ" ಅಂತ ಸುಳ್ಳು ಹೇಳಲ್ಲ. ಒಬ್ಬೊಬ್ಬರೇ ಹೋಗಬಾರದು, ಹಿಂದೆ ಸಂಘಟನೆ ಇರಬೇಕು, ಫೆಲೋಶಿಪ್ ಎರಡು ತಿಂಗಳು ತಡ ಆದ್ರೆ ಪತ್ರ ಬರೆಯೋಕೆ ಇಲ್ಲಿ ಒಬ್ಬರು ಇರಬೇಕು. ಪತ್ರ ಬರೆಯೋದು ನನಗೆ ಚೆನ್ನಾಗಿ ಬರುತ್ತೆ, ಇಪ್ಪತ್ತು ವರ್ಷದಿಂದ ಮಾಡ್ತಿರೋದು ಅದೇ.

ಕಷ್ಟ ನಿಜ. ಈ ಕಡೆ ಎಷ್ಟೋ ಮನೇಲಿ ತೆಲುಗು, ಶಾಲೇಲಿ ಕನ್ನಡ, ಬಿಎಸ್ಸಿಗೆ ಬಂದ ತಕ್ಷಣ ಇಂಗ್ಲಿಷ್. ಫೀಲ್ಡ್ ಥಿಯರಿಗೆ ಮುಂಚೆ ಲಗ್ರಾಂಜಿಯನ್, ವಿಶೇಷ ಸಾಪೇಕ್ಷತೆ, ಕಾಂಪ್ಲೆಕ್ಸ್ ಅನಾಲಿಸಿಸ್, ಗ್ರೂಪ್ ಥಿಯರಿ ಕೈಗೆ ಹತ್ತಿರಬೇಕು. ಒಂದು ಗಟ್ಟಿ ಇಲ್ಲದಿದ್ರೂ ಪೆಸ್ಕಿನ್-ಶ್ರೋಡರ್ ಪುಸ್ತಕದ ಎರಡನೇ ಅಧ್ಯಾಯದಲ್ಲೇ ಗಾಡಿ ನಿಲ್ಲುತ್ತೆ ಅಂತಾಳೆ ಅವಳು. ಆದರೆ ಮೇಘನಾದ್ ಸಹಾ ನೆನಪು ಮಾಡ್ಕೊಳ್ಳಿ. ಬಡ ಕಿರಾಣಿ ಅಂಗಡಿಯವನ ಮಗ, ಕಲ್ಕತ್ತಾದ ಹಾಸ್ಟೆಲಲ್ಲಿ ಜಾತಿ ಕಾರಣಕ್ಕೆ ಬೇರೆ ಕೂರಿಸಿ ಊಟ ಹಾಕಿದ್ರು. ಐನ್‌ಸ್ಟೀನರ ಸಾಪೇಕ್ಷತೆ ಕಲಿಸೋ ಮೇಷ್ಟ್ರು ಇರಲಿಲ್ಲ. ಅವರೂ ಸತ್ಯೇನ್ ಬೋಸರೂ ಸೇರಿ ಜರ್ಮನ್‌ನಿಂದ ಆ ಪ್ರಬಂಧಗಳನ್ನ ತಾವೇ ಇಂಗ್ಲಿಷ್‌ಗೆ ತಂದ್ರು, 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನ ಪುಸ್ತಕ ಮಾಡ್ತು. ಪಕ್ಕದಲ್ಲೇ ನೋಡಿದ್ರೆ ಗೌರಿಬಿದನೂರಿನ ಹೊಸೂರಿನ ಎಚ್. ನರಸಿಂಹಯ್ಯನವರು. ಬಡ ಹಿಂದುಳಿದ ಮನೆಯಿಂದ ಹೋಗಿ ಅಮೆರಿಕದ ಓಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್‌ಡಿ ಮಾಡಿ ವಾಪಸ್ ಬಂದು ಗೌರಿಬಿದನೂರಿಗೇ ಕಾಲೇಜು ತಂದ್ರು.

ಅದಕ್ಕೆ ಎರಡು ಕೆಲಸ. ಒಂದು, 4ನೇ ಕಲಂನ ಆ ಅನುಸೂಚಿಯಿಂದ ಸಂಶೋಧನಾ ಸಂಸ್ಥೆಗಳನ್ನ ತೆಗೀಬೇಕು ಅಂತ ನಮ್ಮ ಸಂಸದರಿಗೆ, ಕೇಂದ್ರ ಶಿಕ್ಷಣ ಸಚಿವರಿಗೆ ಮನವಿ. ಕರಡು ಬರೆದಿದೀನಿ, ಎರಡೂ ಕಾಯ್ದೆಯ ಪ್ರತಿ ಲಗತ್ತಿಸಿದೀನಿ. ಏಪ್ರಿಲ್ 14ರ ಕಾರ್ಯಕ್ರಮಗಳಲ್ಲಿ ನಾಲ್ಕೂ ತಾಲ್ಲೂಕಲ್ಲಿ ಸಹಿ ಹಾಕಿಸೋಣ. ಎರಡು, ಪಾಠ. ಹುಡುಗಿ ಮೆಕ್ಯಾನಿಕ್ಸ್ ತಗೋತೀನಿ ಅಂದಿದಾಳೆ. ಕಾಂಪ್ಲೆಕ್ಸ್ ಅನಾಲಿಸಿಸ್ ಹೇಳಿಕೊಡೋರು ಯಾರೂ ಸಿಕ್ಕಿಲ್ಲ. ಎಂಎಸ್ಸಿ ಗಣಿತ ಮಾಡಿದ ಅಣ್ಣ ಅಕ್ಕಂದಿರು ಯಾರಿದ್ರೂ ಇನ್‌ಬಾಕ್ಸಿಗೆ ಬನ್ನಿ, ಬಸ್ ಚಾರ್ಜು ನಾವು ಕೊಡ್ತೀವಿ, ತೆಲುಗಲ್ಲಿ ಹೇಳಿಕೊಟ್ಟರೂ ನಡೆಯುತ್ತೆ.