ಸೋಲಿನ ಕತೆಗೆ ಇಷ್ಟೊಂದು ತಾರೆಯರೇಕೆ?

‘ಎ ಬ್ರಿಜ್ ಟೂ ಫಾರ್’ ತೆರೆಕಂಡದ್ದು 1977ರಲ್ಲಿ. ನಾನದನ್ನು ಮೊದಲ ಸಲ ನೋಡಿದ್ದು ಈಚೆಗೆ. ಸುಮಾರು ಮೂರು ಗಂಟೆಯ ಚಿತ್ರ. ಶಾನ್ ಕಾನರಿ, ರಾಬರ್ಟ್ ರೆಡ್‌ಫೋರ್ಡ್, ಮೈಕಲ್ ಕೇನ್, ಆಂಥನಿ ಹಾಪ್ಕಿನ್ಸ್, ಜೀನ್ ಹ್ಯಾಕ್‌ಮನ್, ಲಿವ್ ಉಲ್ಮನ್ ಹೀಗೆ ತಾರೆಯರ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಂಥ ಚಿತ್ರಗಳಲ್ಲಿ ಸೈನಿಕ ಕಾಣುವುದಿಲ್ಲ, ನಟನೇ ಕಾಣುತ್ತಾನೆ ಎನ್ನುವುದು ಹಳೆಯ ದೂರು. ಆದರೆ ಈ ಚಿತ್ರಕ್ಕೆ ಆ ತಾರೆಯರ ದಂಡೇ ಬಲ ಎಂದು ನನಗನ್ನಿಸುತ್ತದೆ.

ಕತೆ ನಡೆದದ್ದೇ. 1944ರ ಸೆಪ್ಟೆಂಬರ್ 17ರಂದು ಮಿತ್ರಪಡೆಗಳು ನೆದರ್ಲೆಂಡ್ಸ್‌ನಲ್ಲಿ ‘ಮಾರ್ಕೆಟ್ ಗಾರ್ಡನ್’ ಕಾರ್ಯಾಚರಣೆ ಆರಂಭಿಸಿದವು. ವಿಮಾನಗಳಿಂದ ಇಳಿದ ಪಡೆಗಳು ಸೇತುವೆಗಳನ್ನು ಹಿಡಿದಿಟ್ಟುಕೊಳ್ಳಬೇಕು, ಒಂದೇ ಕಿರಿದಾದ ರಸ್ತೆಯಲ್ಲಿ ಟ್ಯಾಂಕುಗಳು ಬಂದು ಅವರನ್ನು ಸೇರಬೇಕು ಎಂಬುದು ಯೋಜನೆ. ಕೊನೆಯದಾದ ಆರ್ನ್‌ಹೆಮ್ ಸೇತುವೆಗೆ ಆ ಟ್ಯಾಂಕುಗಳು ತಲುಪಲೇ ಇಲ್ಲ. ಅಲ್ಲಿ ಇಳಿದಿದ್ದ ಸುಮಾರು 10,000 ಜನರಲ್ಲಿ ರೈನ್ ನದಿ ದಾಟಿ ಹಿಂತಿರುಗಿದವರು ಸುಮಾರು 2,400 ಮಾತ್ರ.

ದೊಡ್ಡ ನಟ ತೆರೆಗೆ ಬಂದರೆ ಅವನು ಗೆದ್ದೇ ಗೆಲ್ಲುತ್ತಾನೆಂದು ನಾವು ನಂಬಿ ಕೂರುತ್ತೇವೆ. ಆ ಸೇನಾಧಿಕಾರಿಗಳ ನಂಬಿಕೆಯೂ ಇಂಥದ್ದೇ. ಇಷ್ಟು ವಿಮಾನ, ಇಷ್ಟು ಸೈನಿಕರಿರುವಾಗ ಸೋಲುವುದು ಹೇಗೆ? ಆರ್ನ್‌ಹೆಮ್ ಬಳಿ ಜರ್ಮನ್ ಟ್ಯಾಂಕುಗಳಿವೆ ಎಂದು ಫೋಟೋ ಸಮೇತ ಎಚ್ಚರಿಸಿದ ಗುಪ್ತಚರ ಅಧಿಕಾರಿಯನ್ನು ಅನಾರೋಗ್ಯದ ರಜೆಯ ಮೇಲೆ ಕಳಿಸಿಬಿಡುತ್ತಾರೆ. ಇದೂ ನಡೆದದ್ದೇ. ಮುಂದೆ ರೆಡ್‌ಫೋರ್ಡ್ ಹಾಡಹಗಲೇ ದೋಣಿಯಲ್ಲಿ ನದಿ ದಾಟಿ ಸೇತುವೆ ಗೆಲ್ಲುತ್ತಾನೆ, ಆದರೂ ಟ್ಯಾಂಕುಗಳು ಅಲ್ಲೇ ನಿಲ್ಲುತ್ತವೆ. ಹಾಪ್ಕಿನ್ಸ್ ಗಾಯಗೊಂಡು ಸೆರೆಯಾಗುತ್ತಾನೆ. ಪರಿಚಯವಿಲ್ಲದ ಮುಖಗಳಾಗಿದ್ದರೆ ಈ ಸೋಲನ್ನು ನಾವು ಮೊದಲೇ ಊಹಿಸಿ ಸುಮ್ಮನಾಗುತ್ತಿದ್ದೆವೇನೋ.

ನಮ್ಮಂಥವರಿಗೆ ಇನ್ನೊಂದು ಮುಖವೂ ಕಾಡುತ್ತದೆ. ನಿರ್ದೇಶಕ ರಿಚರ್ಡ್ ಅಟೆನ್‌ಬರೋ 1982ರಲ್ಲಿ ‘ಗಾಂಧಿ’ ತೆಗೆದರು. ಅದರಲ್ಲಿ ಜನರಲ್ ಡಯರ್ ಆದ ಎಡ್ವರ್ಡ್ ಫಾಕ್ಸ್ ಇಲ್ಲಿ ಜನರಲ್ ಹಾರಕ್ಸ್. ಅಧಿಕಾರಿಗಳಿಗೆ ಯೋಜನೆ ವಿವರಿಸುತ್ತ ಅವರನ್ನು ನಗಿಸುತ್ತಾನೆ. ಜಲಿಯನ್‌ವಾಲಾ ಬಾಗ್‌ನ ದೃಶ್ಯ ನೋಡಿದ ಕಣ್ಣಿಗೆ ಆ ನಗೆ ಹಿತವೆನಿಸದು.

ಚಿತ್ರಕ್ಕೆ ಮಿತಿಯೂ ಇದೆ. ಯೋಜನೆಯ ಹಿಂದಿದ್ದ ಮಾಂಟ್‌ಗೊಮರಿ ಪಾತ್ರವಾಗಿ ಬರುವುದೇ ಇಲ್ಲ. ತಪ್ಪಿನ ಹೊರೆ ಬಹುಪಾಲು ಜನರಲ್ ಬ್ರೌನಿಂಗ್ ತಲೆಗೆ ಬೀಳುತ್ತದೆ. ಯೋಜನೆಯನ್ನು ಅನುಮಾನಿಸಿದ್ದ ಪೋಲೆಂಡಿನ ಸೊಸಬೋವ್‌ಸ್ಕಿಯನ್ನು ಅದೇ ಡಿಸೆಂಬರ್‌ನಲ್ಲಿ ಹುದ್ದೆಯಿಂದ ಇಳಿಸಲಾಯಿತು ಎಂಬುದೂ ಚಿತ್ರದಲ್ಲಿಲ್ಲ.

ಆದರೆ ಕೊನೆಯ ದೃಶ್ಯ ಜನರಲ್‌ಗಳದ್ದಲ್ಲ. ಲಿವ್ ಉಲ್ಮನ್‌ಳ ಮನೆ ಆಸ್ಪತ್ರೆಯಾಗಿ, ಅಂಗಳ ಸ್ಮಶಾನವಾಗಿ, ಈಗ ಅವಳು ಮಕ್ಕಳೊಡನೆ ಗಾಡಿಯ ಹಿಂದೆ ಊರು ಬಿಡುತ್ತಿದ್ದಾಳೆ. ಆ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಹಸಿವಿನಿಂದ ಸತ್ತವರು ಸುಮಾರು 20,000 ಮಂದಿ. ಯುದ್ಧದ ಚಿತ್ರಗಳು ಗೆಲುವಿನ ಜಾಹೀರಾತಾಗುತ್ತಿರುವ ಈ ದಿನಗಳಲ್ಲಿ, ಅಷ್ಟು ಹಣ, ಅಷ್ಟು ತಾರೆಯರನ್ನು ಸೋಲಿನ ಲೆಕ್ಕ ಒಪ್ಪಿಸಲು ಬಳಸಿದ ಈ ಚಿತ್ರಕ್ಕೆ ಒಂದು ಭಾನುವಾರದ ಮಧ್ಯಾಹ್ನ ಕೊಡಿ.