ಬೆನ್ನುಹುರಿಗೆ ಪೆಟ್ಟಾದವರಿಗೆ ಜಿಲ್ಲಾಸ್ಪತ್ರೆಯಲ್ಲೇ ಥೆರಪಿ ಸಿಗಲಿ



ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರು, ಕಟ್ಟಡದ ಸಾರುವೆಯಿಂದ ಜಾರಿದವರು ನಮ್ಮ ನಡುವೆಯೇ ಇದ್ದಾರೆ. ಆಪರೇಷನ್ ಆಗಿ ಕೆಲವು ವಾರ ಕಳೆದರೆ "ಇನ್ನು ಇಷ್ಟೇ, ಮನೆಗೆ ಕರ್ಕೊಂಡು ಹೋಗಿ" ಎಂಬ ಮಾತು ಬರುತ್ತದೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರ ಬದುಕು ಅಲ್ಲಿಗೆ ನಿಲ್ಲಬೇಕಿಲ್ಲ.

ಪೆಟ್ಟು ಬಿದ್ದ ಜಾಗದಲ್ಲಿ ಮಿದುಳಿನ ಅಪ್ಪಣೆ ತಡೆದು ನಿಲ್ಲುತ್ತದೆ, ನಿಜ. ಆದರೆ ಅದರ ಕೆಳಗಿನ ನರಜಾಲ ಸತ್ತಿರುವುದಿಲ್ಲ. ಕಾಲು ಮಡಚುವ, ಮೈಭಾರ ಹೊರುವ ವ್ಯವಸ್ಥೆ ಅಲ್ಲಿ ಉಳಿದೇ ಇರುತ್ತದೆ. ಎಷ್ಟೋ ಜನರಲ್ಲಿ ಮಿದುಳಿನಿಂದ ಇಳಿಯುವ ಕೆಲವು ಎಳೆಗಳೂ ಉಳಿದಿರುತ್ತವೆ, ಅವುಗಳ ಸಂದೇಶ ಮಾತ್ರ ತೀರ ಕ್ಷೀಣ. ಬೆನ್ನುಹುರಿಗೆ ಅಳತೆಯ ವಿದ್ಯುತ್ ಹಾಯಿಸಿದಾಗ ಆ ನರಜಾಲ ಚುರುಕಾಗಿ, ಕ್ಷೀಣ ಸಂದೇಶಕ್ಕೂ ಓಗೊಡುತ್ತದೆ.

ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಹಾರ್ಕೆಮಾ ಅವರ ತಂಡ ಇದನ್ನು 2011ರಲ್ಲಿ ಜಗತ್ತಿಗೆ ತೋರಿಸಿತು. 2006ರಲ್ಲಿ ಕಾರು ಗುದ್ದಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಬೇಸ್‌ಬಾಲ್ ಆಟಗಾರ ರಾಬ್ ಸಮ್ಮರ್ಸ್, ಬೆನ್ನುಹುರಿಯ ಹೊದಿಕೆಯ ಮೇಲೆ ಇಟ್ಟ ಎಲೆಕ್ಟ್ರೋಡಿನ ನೆರವಿನಿಂದ ತನ್ನ ಭಾರ ತಾನೇ ಹೊತ್ತು ನಿಂತರು. ಪತ್ರಿಕೆಗಳು ಎಲೆಕ್ಟ್ರೋಡನ್ನು ಕೊಂಡಾಡಿದವು. ಅದಕ್ಕೂ ಮೊದಲು ಅವರು 26 ತಿಂಗಳಲ್ಲಿ 170 ಬಾರಿ ನಡಿಗೆಯ ತರಬೇತಿ ಪಡೆದಿದ್ದರು ಎಂಬುದನ್ನು ಎಷ್ಟು ಜನ ಗಮನಿಸಿದರೋ! ಬರೀ ತರಬೇತಿಯಿಂದ ಅವರು ನಿಂತಿರಲಿಲ್ಲ. ವಿದ್ಯುತ್ ನಿಲ್ಲಿಸಿದರೂ ನಿಲ್ಲಲಾಗುತ್ತಿರಲಿಲ್ಲ. ಎರಡೂ ಕೂಡಿದಾಗಲೇ ಕಾಲು ನಿಂತಿತು.

ಈಗ ಆಪರೇಷನ್ ಇಲ್ಲದೆ, ಕತ್ತಿನ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಕೊಡುವ ಚಿಕಿತ್ಸೆಯೂ ಬಂದಿದೆ. ಕತ್ತಿನ ಮಟ್ಟದಲ್ಲಿ ಪೆಟ್ಟಾಗಿ ಕೈಯ ಬಲ ಕುಂದಿದ 60 ಜನರ ಮೇಲಿನ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎರಡು ತಿಂಗಳು ಬರೀ ಥೆರಪಿ, ಆಮೇಲೆ ಎರಡು ತಿಂಗಳು ಥೆರಪಿಯ ಜೊತೆ ವಿದ್ಯುತ್. ಬರೀ ಥೆರಪಿ ಮುಗಿದಾಗ ಇದ್ದ ಸ್ಥಿತಿಗಿಂತ ಶೇ. 72 ಜನರಲ್ಲಿ ಕೈಯ ಬಲವೂ ಕೆಲಸವೂ ಸುಧಾರಿಸಿದವು. ಪೆಟ್ಟಾಗಿ 34 ವರ್ಷವಾದವರೂ ಆ ಗುಂಪಿನಲ್ಲಿದ್ದರು. ಅದೇ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಆ ಯಂತ್ರಕ್ಕೆ ಅನುಮತಿ ಕೊಟ್ಟಿತು.

ಇದು ಎಲ್ಲರನ್ನೂ ಎಬ್ಬಿಸಿ ಓಡಿಸುವ ಔಷಧಿಯಲ್ಲ. ಹಾಗೆಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಿ ಹೊಲ ಮಾರಬೇಡಿ. ಲೋಟ ಹಿಡಿಯುವುದು, ಅಂಗಿ ಗುಂಡಿ ಹಾಕಿಕೊಳ್ಳುವುದು ಸಣ್ಣ ಸುಧಾರಣೆ ಅನ್ನಿಸಬಹುದು; ಇನ್ನೊಬ್ಬರ ಕೈಯಿಂದ ಉಣ್ಣುವವರನ್ನು ಕೇಳಿ ನೋಡಿ.

ನಾವು ಇಂದೇ ಕೇಳಬೇಕಾದದ್ದು ಯಂತ್ರವನ್ನಲ್ಲ, ಥೆರಪಿಯನ್ನು. ಕೀಲು ಬಿಗಿದು ಮಡಚಿದ ಕಾಲು, ಮೂಳೆ ಕಾಣುವ ಹಾಸಿಗೆ ಹುಣ್ಣು ಇದ್ದವರನ್ನು ಇಂಥ ಅಧ್ಯಯನಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಯಂತ್ರ ನಮ್ಮೂರಿಗೆ ಬರುವ ಹೊತ್ತಿಗೆ ನಮ್ಮವರ ಮೈ ಅದಕ್ಕೆ ಒಗ್ಗುವಂತೆ ಉಳಿದಿರಬೇಕು. ಯಂತ್ರ ಬಾರದಿದ್ದರೂ ಕೀಲು, ಚರ್ಮ, ಮೂತ್ರಕೋಶ ಕಾಪಾಡಿಕೊಂಡವರು ಹೆಚ್ಚು ಕಾಲ, ನೋವು ಕಡಿಮೆಯಾಗಿ ಬದುಕುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 27ನೇ ಕಲಂ ಪುನರ್ವಸತಿ ಸೇವೆ ಒದಗಿಸುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಬೆನ್ನುಹುರಿ ಪೆಟ್ಟಿನ ಆರೈಕೆಯಲ್ಲಿ ತರಬೇತಾದ ಫಿಸಿಯೋಥೆರಪಿಸ್ಟ್ ಇರಲಿ. ಮನೆಗೆ ಕಳಿಸುವ ಮೊದಲು ಮಗ್ಗುಲು ಬದಲಿಸುವುದನ್ನೂ ಕ್ಯಾಥೆಟರ್ ಬಳಸುವುದನ್ನೂ ಮನೆಯವರಿಗೆ ಕಲಿಸಲಿ. ಆಸ್ಪತ್ರೆಗೆ ಹೋಗಿಬರುವ ಗಾಡಿಯ ಖರ್ಚನ್ನು ಪಂಚಾಯಿತಿ ಭರಿಸಲಿ. ಮುಂದಿನ ಗ್ರಾಮಸಭೆಗೆ ಈ ಕರಪತ್ರ ಹಿಡಿದು ಬನ್ನಿ, ವೀಲ್‌ಚೇರಿನಲ್ಲಿರುವವರನ್ನೂ ಕರೆತನ್ನಿ, ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ.