ಚಿಕ್ಕವರ ತಪ್ಪಿಗೆ ನಗಬೇಡಿ



ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಬರೆದದ್ದನ್ನು ನೋಡಿ ದೊಡ್ಡ ಕ್ಲಾಸಿನ ಕೆಲವರು ನಗ್ತಾರೆ. 'ಅಜ್ಜಿ ಹುಳಿ ಮಾಡಿದರು' ಅನ್ನೋದಕ್ಕೆ 'ಅಜ್ಜಿ ಹುಲಿ ಮಾಡಿದರು' ಎಂದು ಬರೆದರೆ ಯಾರಿಗಾದರೂ ನಗು ಬರುತ್ತೆ, ನಿಜ. ಆದರೆ ಮರುದಿನ ಆ ಮಗು ನೋಟ್ ಬುಕ್ ಮುಚ್ಚಿಟ್ಟುಕೊಳ್ಳುತ್ತದೆ. ಆಮೇಲೆ ಬರೆಯುವುದನ್ನೇ ಬಿಡುತ್ತದೆ. ತಪ್ಪಿಗಿಂತ ಇದು ದೊಡ್ಡ ನಷ್ಟ ಎಂದು ನನ್ನ ಅಭಿಪ್ರಾಯ.

ತಪ್ಪು ಯಾಕೆ ಆಗುತ್ತೆ ಅಂತ ಯೋಚಿಸಿ. ಕನ್ನಡದಲ್ಲಿ 49 ಅಕ್ಷರ. ಅಷ್ಟು ಕಲಿತರೆ ಮುಗಿಯಲಿಲ್ಲ, ಕಾಗುಣಿತ, ಒತ್ತಕ್ಷರ ಬೇರೆ. ಕ, ಗ, ಚ ಇವುಗಳ ಒತ್ತು ಅಕ್ಷರದ ಹಾಗೇ ಕಾಣುತ್ತೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ಆಕಾರವೇ ಬೇರೆ. 'ಸೂರ್ಯ' ಎನ್ನುವಾಗ ಬಾಯಲ್ಲಿ ರ ಮೊದಲು, ಬರೆಯುವಾಗ ಯ ಆದ ಮೇಲೆ ಅರ್ಕಾವತ್ತು. ನಮ್ಮ ಮುತ್ತಿನಕೊಪ್ಪದ ಹೆಸರಿನಲ್ಲೇ ಎರಡು ಒತ್ತು ಇವೆ. ಕೊಪ್ಪದ ಒತ್ತು ಬಿಟ್ಟು ದೀರ್ಘ ಹಾಕಿದರೆ ಕೋಪ ಆಗುತ್ತೆ!

ಇನ್ನೊಂದು ಕಾರಣ ಮನೆಮಾತು. ಮನೆಯಲ್ಲಿ 'ಹೋಗ್ತೀನಿ', ಪುಸ್ತಕದಲ್ಲಿ 'ಹೋಗುತ್ತೇನೆ'. ನಮ್ಮ ತಾಲ್ಲೂಕಿನಲ್ಲಿ ತುಳು, ಮಲಯಾಳಂ, ಕೊಂಕಣಿ, ಉರ್ದು ಮಾತಾಡುವ ಮನೆಗಳೂ ಇವೆ. ಉರ್ದುವಿನಲ್ಲಿ ಳ ಇಲ್ಲ. ಆ ಮನೆಯ ಮಗುವಿಗೆ ಹುಲಿ, ಹುಳಿ ಎರಡೂ ಒಂದೇ ಥರ ಕೇಳಿಸಬಹುದು. ಅದು ದಡ್ಡತನ ಅಲ್ಲ.

ತಪ್ಪಿದ್ದನ್ನು ನೂರು ಸಲ ಬರೆಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಹತ್ತನೇ ಸಲಕ್ಕೆ ಕೈ ಮಾತ್ರ ಬರೆಯುತ್ತೆ, ಮನಸ್ಸು ಆಟದ ಬಯಲಲ್ಲಿ ಇರುತ್ತೆ. ಅದಕ್ಕಿಂತ ಬರೆದದ್ದನ್ನು ಅವರಿಂದಲೇ ಜೋರಾಗಿ ಓದಿಸಬೇಕು. ಹುಲಿ, ಹುಳಿ ಎರಡನ್ನೂ ಹೇಳಿಸಿ ಚಿತ್ರ ಬರೆಸಿದರೆ ಮರೆಯಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಅ, ಆ, ಇ, ಈ ಎಂದು ಸಾಲಾಗಿ ಉರು ಹೊಡೆಸಲ್ಲ. ರ, ಗ, ಸ, ದ, ಅ ಕಲಿಸಿ, ಕೂಡಲೇ ಸರ, ಅರಸ, ಗರಗಸ ಎಂದು ಪದ ಮಾಡಿಸ್ತಾರೆ. ಅಕ್ಷರಕ್ಕೆ ಅರ್ಥ ಸಿಕ್ಕಿದರೆ ನೆನಪು ಉಳಿಯುತ್ತೆ.

ಏಳನೇ ಕ್ಲಾಸಿನ ನಾವು ಊಟದ ಬಿಡುವಿನಲ್ಲಿ ಹತ್ತು ನಿಮಿಷ ಚಿಕ್ಕವರ ಹತ್ತಿರ ಕೂತ್ಕೊಳ್ಳೋಣ. ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದೋಣ. ಇವತ್ತು ಒತ್ತು, ನಾಳೆ ದೀರ್ಘ. ಗುರುಗಳಲ್ಲಿ ಒಂದು ಬೇಡಿಕೆ. ಈ ಗೋಡೆ ಪತ್ರಿಕೆಯ ಕೆಳಗಿನ ಭಾಗವನ್ನು ಅವರಿಗೇ ಬಿಡಿ. ಅವರ ಎತ್ತರಕ್ಕೆ ಅದೇ ಸರಿ. ತಪ್ಪಿದ್ದರೂ ಅಂಟಿಸಿ.

ಹಾಡ್ತಾ ಹಾಡ್ತಾ ರಾಗ ಅನ್ನೋದು ಗಾದೆ. ಬರೀತಾ ಬರೀತಾ ಬರಹ ಅನ್ನೋದು ನನ್ನ ಮಾತು.

– 7ನೇ ತರಗತಿ